ಸೊಟ್ಟ ಪಾದ, ನೆಟ್ಟನೆಯ ಹೆಜ್ಜೆ

ಮಾನವನಿಗೆ ಪ್ರಕೃತಿಯು ದಯಪಾಲಿಸಿರುವ ವರಗಳಲ್ಲಿ ಎರಡು ಕಾಲುಗಳ ಮೇಲೆ ನೆಟ್ಟಗೆ ನಿಂತು ನಡೆಯುವ ಶಕ್ತಿಯೂ ಒಂದು. ಈ ಶಕ್ತಿಯಿಂದಲೇ ಅವನ ಕೈಗಳು ದುಡಿಮೆಗೂ ಕಲೆಗೂ ಬಿಡುವಾದವು. ಗದ್ದೆಯ ಬದುವಾಗಲಿ ಪೇಟೆಯ ಬೀದಿಯಾಗಲಿ, ದೇಹದ ಭಾರವನ್ನೆಲ್ಲ ಹೊತ್ತು ಸಾಗುವ ಪಾದವು ಮೇಲುನೋಟಕ್ಕೆ ಸರಳವಾದ ಅಂಗದಂತೆ ಕಾಣುತ್ತದೆ. ಆದರೆ ಬೆಳೆದ ಮನುಷ್ಯನ ಒಂದೊಂದು ಪಾದದಲ್ಲಿಯೂ 26 ಮೂಳೆಗಳಿವೆ. ಮೂಳೆಯನ್ನು ಮೂಳೆಗೆ ಬಿಗಿಯುವ ಅಸ್ಥಿರಜ್ಜುಗಳು, ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜುಗಳು ಅವುಗಳನ್ನು ಒಂದುಗೂಡಿಸಿವೆ. ಇವೆಲ್ಲವೂ ತಮ್ಮ ತಮ್ಮ ಸ್ಥಾನದಲ್ಲಿದ್ದು ಹೊಂದಿಕೊಂಡು ಕೆಲಸ ಮಾಡಿದಾಗ ಮಾತ್ರ ಅಂಗಾಲು ನೆಲದ ಮೇಲೆ ಸಮನಾಗಿ ಊರುತ್ತದೆ.

ಹುಟ್ಟುವ ಮಕ್ಕಳಲ್ಲಿ ಸುಮಾರು ಸಾವಿರಕ್ಕೊಂದರಂತೆ ಈ ಹೊಂದಿಕೆ ತಪ್ಪಿರುವುದುಂಟು. ಅಂತಹ ಕೂಸಿನ ಪಾದವು ಒಳಕ್ಕೂ ಕೆಳಕ್ಕೂ ತಿರುಚಿಕೊಂಡಿರುತ್ತದೆ. ಇದಕ್ಕೆ ವೈದ್ಯರು ‘ಕ್ಲಬ್ ಫುಟ್’ ಎನ್ನುತ್ತಾರೆ. ಕನ್ನಡದಲ್ಲಿ ಸೊಟ್ಟ ಪಾದ ಅಥವಾ ವಕ್ರಪಾದ ಎಂದು ಕರೆಯುವುದುಂಟು. ಈ ಒಂದು ವಕ್ರತೆಯಲ್ಲಿ ನಾಲ್ಕು ಬಾಗುಗಳು ಸೇರಿವೆ. ಅಂಗಾಲಿನ ಕಮಾನು ಅತಿಯಾಗಿ ಮೇಲೆದ್ದಿರುವುದು ಒಂದು. ಪಾದದ ಮುಂಭಾಗವು ಒಳಮುಖವಾಗಿ ಬಾಗಿರುವುದು ಎರಡನೆಯದು. ಹಿಮ್ಮಡಿಯು ಒಳಕ್ಕೆ ವಾಲಿರುವುದು ಮೂರನೆಯದು. ಹಿಮ್ಮಡಿಯನ್ನು ಮೇಲಕ್ಕೆಳೆಯುವ ಸ್ನಾಯುರಜ್ಜು ಬಿಗಿದುಕೊಂಡು, ಬೆರಳುಗಳು ನೆಲದ ಕಡೆಗೆ ಇಳಿಬಿದ್ದಿರುವುದು ನಾಲ್ಕನೆಯದು. ಗರ್ಭದಲ್ಲಿ ಮುದುಡಿ ಮಲಗಿದ್ದ ಕಾರಣದಿಂದಲೂ ಕೆಲವು ಕೂಸುಗಳ ಪಾದ ಸ್ವಲ್ಪ ಒಳಕ್ಕೆ ತಿರುಗಿದಂತೆ ಕಾಣುವುದುಂಟು. ಆದರೆ ಅಂತಹ ಪಾದವನ್ನು ಮೆಲ್ಲನೆ ಹಿಡಿದು ತಿರುಗಿಸಿದರೆ ಅದು ಸಹಜ ಸ್ಥಿತಿಗೆ ಬರುತ್ತದೆ. ನಿಜವಾದ ಸೊಟ್ಟ ಪಾದವು ಹಾಗೆ ಬರುವುದಿಲ್ಲ. ಅದು ಬಿಗಿಯಾಗಿ ನಿಂತುಬಿಡುತ್ತದೆ.

ಕೂಸಿಗೆ ಇದರಿಂದ ನೋವೇನೂ ಇರುವುದಿಲ್ಲ. ಅದು ಎಲ್ಲ ಮಕ್ಕಳಂತೆ ಹಾಲು ಕುಡಿಯುತ್ತದೆ, ನಗುತ್ತದೆ, ಕೈಕಾಲು ಬಡಿಯುತ್ತದೆ. ಈ ನೆಮ್ಮದಿಯೇ ಮನೆಯವರನ್ನು ಮೋಸಗೊಳಿಸುತ್ತದೆ. ‘ಬೆಳೆದಂತೆ ತಾನೇ ಸರಿಹೋದೀತು’ ಎಂದು ಅವರು ಕಾಯುತ್ತಾರೆ. ಆದರೆ ಸೊಟ್ಟ ಪಾದವು ತಾನಾಗಿ ಸರಿಹೋಗುವುದಿಲ್ಲ. ಮಗು ಎದ್ದು ನಿಲ್ಲತೊಡಗಿದಾಗ ಅಂಗಾಲಿಗೆ ಬದಲಾಗಿ ಪಾದದ ಹೊರ ಅಂಚು, ಕೆಲವೊಮ್ಮೆ ಪಾದದ ಮೇಲ್ಭಾಗವೇ ನೆಲವನ್ನು ತಾಗುತ್ತದೆ. ಅಲ್ಲಿಯ ಚರ್ಮ ದಡ್ಡುಗಟ್ಟುತ್ತದೆ, ಬಿರಿದು ಹುಣ್ಣಾಗುತ್ತದೆ. ಸಾಮಾನ್ಯ ಪಾದರಕ್ಷೆ ಅಂತಹ ಕಾಲಿಗೆ ಹೊಂದುವುದಿಲ್ಲ. ಶಾಲೆಯ ದಾರಿ ದೂರವಾಗುತ್ತದೆ. ಆಟದ ಬಯಲು ನೋಡುವುದಕ್ಕೆ ಮಾತ್ರ ಉಳಿಯುತ್ತದೆ. ದುಡಿಮೆಯ ವಯಸ್ಸಿನಲ್ಲಿ ಕೆಲಸ ಸಿಗುವುದು ಕಷ್ಟವಾಗುತ್ತದೆ. ಹುಟ್ಟಿದಾಗ ನೋವು ಕೊಡದಿದ್ದ ದೋಷವು ಬದುಕಿನುದ್ದಕ್ಕೂ ನೋವನ್ನು ಕೊಡುತ್ತದೆ.

ಈ ದೋಷಕ್ಕೆ ಕಾರಣವೇನು? ನಮ್ಮ ಸಮಾಜದಲ್ಲಿ ಈ ಪ್ರಶ್ನೆಗೆ ಹಲವರು ತಟ್ಟನೆ ಉತ್ತರ ಹೇಳುತ್ತಾರೆ. ಗ್ರಹಣದ ಹೊತ್ತಿನಲ್ಲಿ ಗರ್ಭಿಣಿ ಹೊರಗೆ ಬಂದಳು, ಕತ್ತಿ ಹಿಡಿದು ತರಕಾರಿ ಹೆಚ್ಚಿದಳು, ಅದಕ್ಕೇ ಹೀಗಾಯಿತು ಎನ್ನುವವರಿದ್ದಾರೆ. ಹಿಂದಿನ ಜನ್ಮದ ಪಾಪವೆನ್ನುವವರೂ ಇದ್ದಾರೆ. ಹೆರಿಗೆಯ ಆಯಾಸದಲ್ಲಿರುವ ತಾಯಿಗೆ ಈ ಮಾತುಗಳು ಗಾಯದ ಮೇಲೆ ಬರೆ ಎಳೆದಂತಾಗುತ್ತವೆ. ಗ್ರಹಣವೆಂದರೆ ಸೂರ್ಯ, ಚಂದ್ರ ಮತ್ತು ಭೂಮಿಗಳ ನೆರಳುಬೆಳಕಿನ ಆಟ. ಅದಕ್ಕೂ ಗರ್ಭದಲ್ಲಿರುವ ಕೂಸಿನ ಪಾದಕ್ಕೂ ಯಾವ ಸಂಬಂಧವೂ ಇಲ್ಲ. ಸೊಟ್ಟ ಪಾದದ ಮೂಲಕಾರಣವನ್ನು ವಿಜ್ಞಾನವು ಇನ್ನೂ ಪೂರ್ಣವಾಗಿ ಬಿಡಿಸಿಲ್ಲ; ಆದರೆ ಅನುವಂಶೀಯತೆಗೆ ಅದರಲ್ಲಿ ಪಾಲಿದೆಯೆಂಬುದು ಖಚಿತವಾಗಿದೆ. ಗಂಡುಮಕ್ಕಳಲ್ಲಿ ಇದು ಹೆಣ್ಣುಮಕ್ಕಳಿಗಿಂತ ಸುಮಾರು ಎರಡರಷ್ಟು ಹೆಚ್ಚು. ಈ ದೋಷವುಳ್ಳ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಎರಡು ಪಾದಗಳೂ ಸೊಟ್ಟಗಿರುತ್ತವೆ. ಇದರಲ್ಲಿ ತಾಯಿಯ ತಪ್ಪು ಎಳ್ಳಷ್ಟೂ ಇಲ್ಲ. ಈ ಸತ್ಯವನ್ನು ಮನೆಯವರೆಲ್ಲ ತಿಳಿದಿರಬೇಕು. ಏಕೆಂದರೆ ಯಾರ ತಪ್ಪೆಂದು ಹುಡುಕುತ್ತ ಕುಳಿತ ಮನೆಯಲ್ಲಿ, ನಾಚಿಕೆಯಿಂದ ಕೂಸಿನ ಕಾಲನ್ನು ಬಟ್ಟೆಯಲ್ಲಿ ಮುಚ್ಚಿಟ್ಟ ಮನೆಯಲ್ಲಿ, ಚಿಕಿತ್ಸೆಯ ಅಮೂಲ್ಯವಾದ ಮೊದಲ ವಾರಗಳು ಕಳೆದುಹೋಗುತ್ತವೆ.

ಸೊಟ್ಟ ಪಾದದ ಚಿಕಿತ್ಸೆಯ ಇತಿಹಾಸವು ಬಹಳ ಹಿಂದಿನದು. ಕ್ರಿ.ಪೂ. 400ರ ಸುಮಾರಿನಲ್ಲಿ ಗ್ರೀಸ್ ದೇಶದ ಮಹಾವೈದ್ಯನಾದ ಹಿಪೊಕ್ರೆಟಿಸನು ಇದನ್ನು ಕುರಿತು ವಿವರಿಸಿದ್ದನು. ಚಿಕಿತ್ಸೆಯನ್ನು ಎಷ್ಟು ಬೇಗ ಆರಂಭಿಸಿದರೆ ಅಷ್ಟು ಒಳ್ಳೆಯದು. ಪಾದವನ್ನು ಕೈಗಳಿಂದ ಮೆಲ್ಲಮೆಲ್ಲನೆ ತಿದ್ದಿ, ಪಟ್ಟಿ ಸುತ್ತಿ, ಮತ್ತೆ ಮತ್ತೆ ತಿದ್ದುತ್ತ ಹೋಗಬೇಕು ಎಂಬುದು ಅವನ ಅಭಿಪ್ರಾಯವಾಗಿತ್ತು. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?’ ಎಂಬ ನಮ್ಮ ಗಾದೆಯೂ ಇದನ್ನೇ ಹೇಳುತ್ತದೆ. ಆದರೆ ಗಿಡವನ್ನು ಬಗ್ಗಿಸುವುದಕ್ಕೂ ಒಂದು ಕ್ರಮವಿದೆ. ಆತುರದಿಂದ ಎಳೆದರೆ ಅದು ಬಗ್ಗುವುದಿಲ್ಲ, ಮುರಿಯುತ್ತದೆ. ಮುಂದಿನ ಶತಮಾನಗಳ ಅನೇಕ ವೈದ್ಯರು ಮರೆತದ್ದು ಈ ಕ್ರಮವನ್ನೇ.

ಹತ್ತೊಂಬತ್ತನೆಯ ಶತಮಾನದಲ್ಲಿ ಎರಡು ಒಳ್ಳೆಯ ಸಾಧನಗಳು ವೈದ್ಯರ ಕೈಗೆ ಬಂದವು. ಇಂಗ್ಲೆಂಡಿನ ವಿಲಿಯಂ ಜಾನ್ ಲಿಟಲ್ ಎಂಬ ವೈದ್ಯನ ಕಾಲು ಬಾಲ್ಯದ ಕಾಯಿಲೆಯಿಂದ ಸೊಟ್ಟಗಾಗಿತ್ತು. 1836ರಲ್ಲಿ ಅವನು ಜರ್ಮನಿಯ ಸ್ಟ್ರೋಮೈಯರನ ಬಳಿಗೆ ಹೋದನು. ಸ್ಟ್ರೋಮೈಯರನು ಚರ್ಮದಲ್ಲಿ ಒಂದು ಸಣ್ಣ ರಂಧ್ರವನ್ನು ಮಾತ್ರ ಮಾಡಿ, ಅದರ ಮೂಲಕ ಹಿಮ್ಮಡಿಯ ಸ್ನಾಯುರಜ್ಜನ್ನು ಕತ್ತರಿಸಿ ಬಿಗುವನ್ನು ಬಿಡಿಸಿದನು. ಗುಣ ಹೊಂದಿದ ಲಿಟಲ್ ಆ ವಿದ್ಯೆಯನ್ನು ಕಲಿತು ತನ್ನ ದೇಶಕ್ಕೆ ತಂದನು. ಇನ್ನೊಂದು ಸಾಧನವೆಂದರೆ, 1850ರ ದಶಕದ ಆರಂಭದಲ್ಲಿ ಹಾಲೆಂಡಿನ ಸೇನಾವೈದ್ಯ ಮತ್ತೈಸನ್ ಬಳಕೆಗೆ ತಂದ ಪ್ಲಾಸ್ಟರ್ ಪಟ್ಟಿ. ಆದರೆ ಸಾಧನಗಳಿದ್ದ ಮಾತ್ರಕ್ಕೆ ಅವುಗಳ ಸರಿಯಾದ ಉಪಯೋಗ ತಿಳಿದಂತಾಗಲಿಲ್ಲ. ಪಾದವನ್ನು ಇಕ್ಕುಳದಂತಹ ಉಪಕರಣಗಳಿಂದ ಬಲವಂತವಾಗಿ ತಿರುಗಿಸುವವರಿದ್ದರು. ಮುಂದೆ ಅರಿವಳಿಕೆಯೂ ಶಸ್ತ್ರಕ್ರಿಯೆಯೂ ಸುರಕ್ಷಿತವಾದಂತೆ, ಪಾದವನ್ನು ಅಗಲವಾಗಿ ಕೊಯ್ದು, ಬಿಗಿದಿದ್ದ ರಜ್ಜುಗಳನ್ನೆಲ್ಲ ಕತ್ತರಿಸುವುದೇ ಉತ್ತಮ ಮಾರ್ಗವೆಂದು ಇಪ್ಪತ್ತನೆಯ ಶತಮಾನದ ಬಹುಮಂದಿ ತಜ್ಞರು ನಂಬಿದರು. ಕೊಯ್ದ ಪಾದವು ನೋಟಕ್ಕೆ ನೆಟ್ಟಗಾಗುತ್ತಿತ್ತು. ಅದು ಮುಂದೆ ಹೇಗೆ ಬಾಳುತ್ತದೆಂದು ಹಿಂದಿರುಗಿ ನೋಡಿದವರು ಕಡಮೆ.

ಹಾಗೆ ಹಿಂದಿರುಗಿ ನೋಡಿದವರಲ್ಲಿ ಇಗ್ನಾಸಿಯೊ ಪೊನ್ಸೆಟಿ ಅವರು ಮುಖ್ಯರು. ಅವರು ಹುಟ್ಟಿದ್ದು 1914ರ ಜೂನ್ 3ರಂದು, ಸ್ಪೇನ್ ದೇಶಕ್ಕೆ ಸೇರಿದ ಮೆನೋರ್ಕಾ ದ್ವೀಪದಲ್ಲಿ. ತಂದೆ ಗಡಿಯಾರ ರಿಪೇರಿಯವರು. ಬಾಲಕ ಪೊನ್ಸೆಟಿ ತಂದೆಯ ಕೆಲಸದಲ್ಲಿ ನೆರವಾಗುತ್ತ, ಸಣ್ಣ ಸಣ್ಣ ಚಕ್ರಗಳು ಒಂದನ್ನೊಂದು ಹೇಗೆ ತಿರುಗಿಸುತ್ತವೆಂಬುದನ್ನು ಕಣ್ಣಾರೆ ಕಂಡರು. 1936ರಲ್ಲಿ ಬಾರ್ಸಿಲೋನಾದಲ್ಲಿ ಅವರು ವೈದ್ಯ ಪದವಿಯನ್ನು ಪಡೆದ ಬೇಸಗೆಯಲ್ಲಿಯೇ ಸ್ಪೇನಿನಲ್ಲಿ ಅಂತರ್ಯುದ್ಧ ಹೊತ್ತಿಕೊಂಡಿತು. ತರುಣ ವೈದ್ಯರು ಗಣರಾಜ್ಯದ ಸೇನೆಯಲ್ಲಿ ಗಾಯಾಳುಗಳ ಮುರಿದ ಮೂಳೆಗಳನ್ನು ಕೂಡಿಸುವ ಕೆಲಸಕ್ಕೆ ನಿಂತರು. 1939ರಲ್ಲಿ ಆ ಪಕ್ಷ ಸೋತಾಗ, ವಾಹನಗಳಿಲ್ಲದ ಸ್ಥಿತಿಯಲ್ಲಿ, ಹೇಸರಗತ್ತೆಗಳ ಮೇಲೆ ಗಾಯಾಳುಗಳನ್ನು ಹೊರಿಸಿ ಪಿರನೀಸ್ ಪರ್ವತವನ್ನು ದಾಟಿಸಿ ಫ್ರಾನ್ಸಿಗೆ ತಲುಪಿಸಿದರು. ಅಲ್ಲಿಂದ ಮೆಕ್ಸಿಕೋ ದೇಶಕ್ಕೆ ಹೋಗಿ ಒಂದು ಚಿಕ್ಕ ಊರಿನಲ್ಲಿ ಎರಡು ವರ್ಷ ವೈದ್ಯರಾಗಿದ್ದರು. 1941ರಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾನಿಲಯವನ್ನು ಸೇರಿ, ಆರ್ಥರ್ ಸ್ಟೈಂಡ್ಲರ್ ಎಂಬ ಪ್ರಸಿದ್ಧ ಮೂಳೆ ತಜ್ಞರ ಶಿಷ್ಯರಾದರು.

ಅಯೋವಾದಲ್ಲಿ ಪೊನ್ಸೆಟಿಯವರು, ಆ ವಿಭಾಗದಲ್ಲಿ ಹಿಂದೆ ಸೊಟ್ಟ ಪಾದಕ್ಕೆ ಶಸ್ತ್ರಚಿಕಿತ್ಸೆ ಪಡೆದಿದ್ದವರನ್ನು ಪರಿಶೀಲಿಸುವ ಕೆಲಸವನ್ನು ಕೈಗೆತ್ತಿಕೊಂಡರು. ಮಕ್ಕಳಾಗಿದ್ದವರು ಆ ವೇಳೆಗೆ ದೊಡ್ಡವರಾಗಿದ್ದರು. ಅವರ ಪಾದಗಳು ಪೆಡಸಾಗಿದ್ದವು, ಬಲಗುಂದಿದ್ದವು, ನೋಯುತ್ತಿದ್ದವು. ಕತ್ತರಿಸಿದ ಜಾಗಗಳಲ್ಲೆಲ್ಲ ಗಾಯದ ಕಲೆ ಗಟ್ಟಿಯಾಗಿ ಬೆಳೆದು ಕೀಲುಗಳ ಚಲನೆಯನ್ನು ಕಟ್ಟಿಹಾಕಿತ್ತು. ತಮ್ಮ ಗುರುಗಳ ವಿಭಾಗದ ಫಲಿತಾಂಶವನ್ನೇ ಇಷ್ಟು ನಿಷ್ಪಕ್ಷಪಾತವಾಗಿ ಅಳೆದ ಪೊನ್ಸೆಟಿಯವರು, ಕತ್ತಿಗಿಂತ ಮೊದಲು ಪಾದದ ರಚನೆಯನ್ನು ಅರಿಯಬೇಕೆಂದು ನಿರ್ಧರಿಸಿದರು. ಸತ್ತು ಹುಟ್ಟಿದ ಕೂಸುಗಳ ಸೊಟ್ಟ ಪಾದಗಳನ್ನು ಬಿಡಿಸಿ ಅಭ್ಯಸಿಸಿದರು. ಅಸ್ಥಿರಜ್ಜುಗಳ ಎಳೆಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರು.

ಈ ಅಭ್ಯಾಸದಿಂದ ಎರಡು ಸಂಗತಿಗಳು ಸ್ಪಷ್ಟವಾದವು. ಮೊದಲನೆಯದು, ಎಳೆಗೂಸಿನ ಪಾದದ ಹಿಂಭಾಗದ ಮೂಳೆಗಳು ಇನ್ನೂ ಬಹುಪಾಲು ಮೃದ್ವಸ್ಥಿಯಾಗಿರುತ್ತವೆ. ಅದರ ಅಸ್ಥಿರಜ್ಜುಗಳ ಎಳೆಗಳು ಅಲೆಯಲೆಯಾಗಿ ಸುಕ್ಕುಗಟ್ಟಿರುತ್ತವೆ. ಮೆಲ್ಲನೆ ಎಳೆದರೆ ಆ ಸುಕ್ಕು ಬಿಚ್ಚಿಕೊಂಡು ರಜ್ಜು ಹಿಗ್ಗುತ್ತದೆ. ಕೆಲವು ದಿನಗಳಲ್ಲಿ ಸುಕ್ಕು ಮತ್ತೆ ಮೂಡುತ್ತದೆ. ಆಗ ಅದನ್ನು ಇನ್ನಷ್ಟು ಹಿಗ್ಗಿಸಬಹುದು. ಮೂಳೆಗಳು ಸರಿಯಾದ ಸ್ಥಾನಕ್ಕೆ ಬಂದಂತೆ ಅವುಗಳ ಆಕಾರವೂ ತಿದ್ದಿಕೊಳ್ಳುತ್ತದೆ. ಎರಡನೆಯದು, ಪಾದದ ಮೂಳೆಗಳು ಗಡಿಯಾರದ ಚಕ್ರಗಳಂತೆ ಪರಸ್ಪರ ಅಧೀನವಾಗಿವೆ. ಒಂದೊಂದು ಬಾಗನ್ನೂ ಬೇರೆಬೇರೆಯಾಗಿ ತಿದ್ದಲು ಹೋಗಬಾರದು. ಮೊಣಕಾಲಿನ ಕೆಳಗಿನ ಮೂಳೆಗೂ ಹಿಮ್ಮಡಿಯ ಮೂಳೆಗೂ ನಡುವೆ ಹರಡಿನ ಮೂಳೆಯೊಂದು ಕುಳಿತಿದೆ. ಅದನ್ನು ಹೊರಬದಿಯಿಂದ ಹೆಬ್ಬೆರಳಿನಲ್ಲಿ ಒತ್ತಿಹಿಡಿದು, ಪಾದವನ್ನು ಅದರ ಕೆಳಗೆ ಹೊರಮುಖವಾಗಿ ತಿರುಗಿಸುತ್ತ ಹೋದರೆ, ಹಿಮ್ಮಡಿಯು ಯಾರೂ ಮುಟ್ಟದೆಯೇ ತಾನಾಗಿ ನೇರವಾಗುತ್ತದೆ. ಇದಕ್ಕೆ ಬಲ ಬೇಕಾಗಿಲ್ಲ; ಯಾವ ಮೂಳೆ ಎಲ್ಲಿದೆಯೆಂದು ಬೆರಳಿಗೆ ತಿಳಿದಿರಬೇಕು, ಅಷ್ಟೆ.

ಈ ಅರಿವಿನ ಆಧಾರದ ಮೇಲೆ 1940ರ ದಶಕದ ಕೊನೆಯಲ್ಲಿ ರೂಪುಗೊಂಡ ಚಿಕಿತ್ಸೆಯನ್ನು ಇಂದು ಪೊನ್ಸೆಟಿ ವಿಧಾನವೆಂದು ಕರೆಯುತ್ತಾರೆ. ಸಾಧ್ಯವಾದರೆ ಕೂಸು ಹುಟ್ಟಿದ ಒಂದೆರಡು ವಾರಗಳಲ್ಲಿಯೇ ಇದನ್ನು ಆರಂಭಿಸುತ್ತಾರೆ. ತಡವಾಗಿ ಬಂದ ಮಕ್ಕಳಿಗೂ ಇದರಿಂದ ಪ್ರಯೋಜನವುಂಟು. ಪರಿಣತರು ಪಾದವನ್ನು ಒಂದೆರಡು ನಿಮಿಷ ಮೃದುವಾಗಿ ತಿದ್ದಿ, ತಿದ್ದಿದ ಸ್ಥಿತಿಯಲ್ಲಿಯೇ ಬೆರಳಿನಿಂದ ತೊಡೆಯ ಮೇಲ್ಭಾಗದವರೆಗೆ ಪ್ಲಾಸ್ಟರ್ ಹಾಕುತ್ತಾರೆ. ಪ್ಲಾಸ್ಟರ್ ಜಾರದಂತೆ ಮೊಣಕಾಲನ್ನು ಲಂಬಕೋನದಲ್ಲಿ ಮಡಿಸಿರುತ್ತಾರೆ. ಒಂದು ವಾರದ ಬಳಿಕ ಅದನ್ನು ತೆಗೆದು, ಇನ್ನಷ್ಟು ತಿದ್ದಿ, ಹೊಸ ಪ್ಲಾಸ್ಟರ್ ಹಾಕುತ್ತಾರೆ. ಸಾಮಾನ್ಯವಾಗಿ ಇಂತಹ ಐದಾರು ಪ್ಲಾಸ್ಟರುಗಳಲ್ಲಿ ಮೊದಲ ಮೂರು ಬಾಗುಗಳೂ ಸರಿಹೋಗುತ್ತವೆ. ಈ ಅವಧಿಯಲ್ಲಿ ಮನೆಯವರು ಪ್ಲಾಸ್ಟರ್ ನೆನೆಯದಂತೆ ನೋಡಿಕೊಳ್ಳಬೇಕು. ಕೂಸಿನ ಕಾಲ್ಬೆರಳುಗಳು ಬೆಚ್ಚಗೆ, ಸಹಜ ಬಣ್ಣದಲ್ಲಿ ಇವೆಯೇ ಎಂದು ಆಗಾಗ ಪರೀಕ್ಷಿಸಬೇಕು. ಅವು ನೀಲಿಗಟ್ಟಿದರೆ, ತಣ್ಣಗಾದರೆ, ಅಥವಾ ಪ್ಲಾಸ್ಟರಿನೊಳಕ್ಕೆ ಸರಿದು ಮರೆಯಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ನಾಲ್ಕನೆಯ ಬಾಗಾದ ಹಿಮ್ಮಡಿಯ ಬಿಗಿತವು ಹೆಚ್ಚಿನ ಮಕ್ಕಳಲ್ಲಿ ಪ್ಲಾಸ್ಟರಿನಿಂದ ಮಾತ್ರ ಬಿಡುವುದಿಲ್ಲ. ಅದಕ್ಕಾಗಿ ಆ ಭಾಗವನ್ನು ಮರಗಟ್ಟಿಸಿ, ಸಣ್ಣ ಅಲಗಿನಿಂದ ಹಿಮ್ಮಡಿಯ ಸ್ನಾಯುರಜ್ಜನ್ನು ಮಾತ್ರ ಕತ್ತರಿಸುತ್ತಾರೆ. ಕೆಲವೇ ನಿಮಿಷಗಳ ಈ ಕೆಲಸಕ್ಕೆ ಹೊಲಿಗೆಯೂ ಬೇಕಾಗುವುದಿಲ್ಲ. ಬಳಿಕ ಹಾಕಿದ ಪ್ಲಾಸ್ಟರನ್ನು ಮೂರು ವಾರ ಇಡುತ್ತಾರೆ. ಅಷ್ಟರಲ್ಲಿ ರಜ್ಜು ಬೇಕಾದಷ್ಟು ಉದ್ದಕ್ಕೆ ಮತ್ತೆ ಬೆಳೆದು ಕೂಡಿಕೊಂಡಿರುತ್ತದೆ. ಪ್ಲಾಸ್ಟರ್ ತೆಗೆದಾಗ ಕಾಣುವುದು ನೆಟ್ಟನೆಯ ಪಾದ.

ಇಲ್ಲಿಗೆ ಚಿಕಿತ್ಸೆ ಮುಗಿಯಿತೆಂದು ತಿಳಿದರೆ ಮೋಸ ಹೋದಂತೆಯೇ. ಸೊಟ್ಟ ಪಾದವನ್ನು ಸೊಟ್ಟಗೆ ಮಾಡಿದ ಒಳಗಿನ ಎಳೆತವು ಮೊದಲ ಕೆಲವು ವರ್ಷಗಳವರೆಗೂ ಇದ್ದೇ ಇರುತ್ತದೆ. ಆದುದರಿಂದ ಮಗುವಿಗೆ ಒಂದು ವಿಶೇಷ ಜೋಡನ್ನು ತೊಡಿಸುತ್ತಾರೆ. ಎರಡು ಪುಟ್ಟ ಷೂಗಳನ್ನು ಹೊರಮುಖವಾಗಿ ತಿರುಗಿಸಿ, ಮಗುವಿನ ಭುಜದಗಲದ ಒಂದು ಪಟ್ಟಿಗೆ ಜೋಡಿಸಿರುತ್ತಾರೆ. ಮೊದಲ ಮೂರು ತಿಂಗಳು ದಿನಕ್ಕೆ 23 ಗಂಟೆ, ಅನಂತರ ಸುಮಾರು ನಾಲ್ಕು ವರ್ಷ ತುಂಬುವವರೆಗೆ ರಾತ್ರಿ ಮತ್ತು ಮಧ್ಯಾಹ್ನದ ನಿದ್ದೆಯ ವೇಳೆಯಲ್ಲಿ ಇದನ್ನು ತೊಡಿಸಬೇಕು. ಹಗಲಿನಲ್ಲಿ ಮಗು ಎಲ್ಲರಂತೆ ಓಡಾಡುತ್ತದೆ. ಆಗ ಪಾದ ನೆಟ್ಟಗಿರುವುದನ್ನು ಕಂಡ ಮನೆಯವರಿಗೆ ಈ ಜೋಡು ಅನಾವಶ್ಯಕವೆನ್ನಿಸತೊಡಗುತ್ತದೆ. ರಾತ್ರಿ ಮಗು ಅತ್ತಾಗ ಅಜ್ಜಿಯ ಕರುಳು ಚುರ್ ಎನ್ನುತ್ತದೆ. “ಪಾಪ ಕಣಮ್ಮ, ಇದೊಂದು ರಾತ್ರಿ ಬಿಚ್ಚಿಬಿಡು” ಎನ್ನುತ್ತಾಳೆ. ಒಂದು ರಾತ್ರಿ ಹತ್ತು ರಾತ್ರಿಯಾಗುತ್ತದೆ. ಪಾದ ಮೆಲ್ಲನೆ ಮತ್ತೆ ಒಳಕ್ಕೆ ತಿರುಗುತ್ತದೆ. ದೋಷವು ಮರುಕಳಿಸುವುದಕ್ಕೆ ಅತ್ಯಂತ ಸಾಮಾನ್ಯವಾದ ಕಾರಣವೇ ಇದು. ವೈದ್ಯರ ಕೆಲಸ ಕೆಲವು ವಾರಗಳದು. ಮನೆಯವರ ಕೆಲಸ ನಾಲ್ಕು ವರ್ಷಗಳದು. ಕೂಲಿಯಿಂದ ದಣಿದು ಬಂದ ತಾಯಿ ಪ್ರತಿ ರಾತ್ರಿ ಮರೆಯದೆ ಬಿಗಿಯುವ ಆ ಪಟ್ಟಿಗಳು ವೈದ್ಯರ ಪ್ಲಾಸ್ಟರಿನಷ್ಟೇ ಬೆಲೆಯುಳ್ಳವು.

ಇಷ್ಟು ಸುಲಭವಾದ, ಇಷ್ಟು ಅಗ್ಗವಾದ ಚಿಕಿತ್ಸೆಯನ್ನು ಲೋಕವು ಒಡನೆಯೇ ಒಪ್ಪಿಕೊಂಡಿತೆಂದು ಯಾರಾದರೂ ಭಾವಿಸಬಹುದು. ಹಾಗಾಗಲಿಲ್ಲ. ಪೊನ್ಸೆಟಿಯವರು ತಮ್ಮ ಫಲಿತಾಂಶಗಳನ್ನು 1963ರಲ್ಲಿ ಪ್ರಕಟಿಸಿದರು. ಅದನ್ನು ಗಮನಿಸಿದವರು ಕೆಲವರೇ. ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ದೊಡ್ಡ ಶಸ್ತ್ರಚಿಕಿತ್ಸೆಗಳೇ ಮೆರೆದವು. ಪೊನ್ಸೆಟಿಯವರು ವಾದಕ್ಕಿಳಿಯದೆ ತಮ್ಮ ರೋಗಿಗಳನ್ನು ನೋಡುತ್ತ, ಅವರ ವಿವರಗಳನ್ನು ದಾಖಲಿಸುತ್ತ ಹೋದರು. 1995ರಲ್ಲಿ ಅಯೋವಾದ ವೈದ್ಯರು, ಬಾಲ್ಯದಲ್ಲಿ ಈ ಚಿಕಿತ್ಸೆ ಪಡೆದು ಸರಾಸರಿ 34 ವರ್ಷ ವಯಸ್ಸಿಗೆ ಬಂದಿದ್ದ 45 ಮಂದಿಯ ಪಾದಗಳ ಪರೀಕ್ಷೆಯ ಫಲವನ್ನು ಪ್ರಕಟಿಸಿದರು. ಅವರಲ್ಲಿ ಶೇಕಡಾ 78 ಮಂದಿಯ ಪಾದಗಳು ಉತ್ತಮ ಸ್ಥಿತಿಯಲ್ಲಿದ್ದವು. ಹುಟ್ಟಿನಿಂದಲೇ ಸರಿಯಾದ ಪಾದಗಳಿದ್ದವರನ್ನು ಅದೇ ಅಳತೆಗೋಲಿನಿಂದ ಅಳೆದಾಗ ಆ ಪ್ರಮಾಣ ಶೇಕಡಾ 85 ಆಗಿತ್ತು. ಎರಡಕ್ಕೂ ಇದ್ದ ಅಂತರ ಅಷ್ಟೇ. ಮೂವತ್ತು ವರ್ಷ ಕಾದು ಪಡೆದ ಈ ಸಾಕ್ಷ್ಯವನ್ನು ಅಲ್ಲಗಳೆಯುವುದು ಸುಲಭವಾಗಿರಲಿಲ್ಲ. 1996ರಲ್ಲಿ ಪೊನ್ಸೆಟಿಯವರ ಗ್ರಂಥವೂ ಹೊರಬಂದಿತು.

ಆ ಬಳಿಕ ಈ ವಿಧಾನವನ್ನು ಹರಡಿದವರಲ್ಲಿ ತಂದೆತಾಯಿಗಳ ಪಾತ್ರ ದೊಡ್ಡದು. ತಮ್ಮ ಕೂಸಿನ ಕಾಲನ್ನು ಕೊಯ್ಯಿಸಲು ಮನಸ್ಸಾಗದೆ ಬೇರೆ ದಾರಿ ಹುಡುಕಿದ ಅವರು, ಗುಣ ಕಂಡ ಮೇಲೆ ಇಂಟರ್‌ನೆಟ್ಟಿನ ಮೂಲಕ ದೂರದೂರದ ಮನೆಗಳಿಗೆ ಸುದ್ದಿ ಮುಟ್ಟಿಸಿದರು. ಮೂಳೆ ತಜ್ಞರು ತೀರ ವಿರಳವಾಗಿದ್ದ ಆಫ್ರಿಕದ ಉಗಾಂಡಾ ದೇಶದಲ್ಲಿ, ಪದವೀಧರ ವೈದ್ಯರಲ್ಲದ ಆರೋಗ್ಯಾಧಿಕಾರಿಗಳಿಗೂ ಪ್ಲಾಸ್ಟರ್ ಹಾಕುವ ತರಬೇತಿ ಕೊಡಲಾಯಿತು. ಅವರ ಕೈಗಳಲ್ಲಿಯೂ ಇದು ಯಶಸ್ವಿಯಾಯಿತು. ನಿವೃತ್ತಿಯ ಬಳಿಕವೂ ಆಸ್ಪತ್ರೆಗೆ ಮರಳಿ ಕೂಸುಗಳಿಗೆ ಚಿಕಿತ್ಸೆ ನೀಡುತ್ತ, ದೇಶದೇಶಗಳಿಂದ ಬಂದ ವೈದ್ಯರಿಗೆ ಕಲಿಸುತ್ತಿದ್ದ ಪೊನ್ಸೆಟಿಯವರು 2009ರ ಅಕ್ಟೋಬರ್ 18ರಂದು, 95ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ ಜನ್ಮದಿನವಾದ ಜೂನ್ 3ನ್ನು ಇಂದು ವಿಶ್ವ ಸೊಟ್ಟ ಪಾದ ದಿನವಾಗಿ ಆಚರಿಸುತ್ತಾರೆ.

ಭಾರತದಲ್ಲಿಯೂ ಈ ವಿಧಾನವು ಈಗ ನೆಲೆಯೂರಿದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ, ಮಕ್ಕಳಲ್ಲಿ ಮೊದಲೇ ಗುರುತಿಸಬೇಕಾದ ದೋಷಗಳ ಪಟ್ಟಿಯಲ್ಲಿ ಸೊಟ್ಟ ಪಾದವೂ ಸೇರಿದೆ. ಬಾಣಂತಿಯ ಮನೆಗೆ ಬರುವ ಆಶಾ ಕಾರ್ಯಕರ್ತೆಯು ಕೂಸಿನ ಕಾಲುಗಳನ್ನೂ ನೋಡಿ, ದೋಷ ಕಂಡರೆ ಆಸ್ಪತ್ರೆಗೆ ಕಳುಹಿಸಬೇಕೆಂಬುದು ಅದರ ವ್ಯವಸ್ಥೆ. ಕರ್ನಾಟಕದ ಹಳ್ಳಿಗಳಿಗೂ ಈ ಸೌಲಭ್ಯ ಸಲ್ಲುತ್ತದೆ. ಆದರೆ ಕೂಸನ್ನು ಮುಚ್ಚಿಟ್ಟ ಮನೆಗೆ ಯಾವ ಯೋಜನೆಯೂ ನೆರವಾಗಲಾರದು. ನೆರೆಮನೆಯಲ್ಲಾಗಲಿ ಬಂಧುಗಳಲ್ಲಾಗಲಿ ಇಂತಹ ಕೂಸು ಹುಟ್ಟಿದಾಗ, ‘ಇದು ಯಾರ ತಪ್ಪೂ ಅಲ್ಲ, ಇದಕ್ಕೆ ಚಿಕಿತ್ಸೆಯಿದೆ, ಈಗಲೇ ಹೋಗಿ’ ಎಂದು ಹೇಳುವ ಒಬ್ಬ ವಿದ್ಯಾರ್ಥಿಯಿದ್ದರೂ ಒಂದು ಬಾಳು ಬೇರೆಯಾದೀತು.

ಸಕಾಲದಲ್ಲಿ ಚಿಕಿತ್ಸೆ ಪಡೆದ ಮಗುವಿಗೆ ಮುಂದೆ ಪ್ಲಾಸ್ಟರಿನ ನೆನಪಾಗಲಿ, ರಾತ್ರಿಯ ಜೋಡಿನ ನೆನಪಾಗಲಿ ಉಳಿಯುವುದು ಅಪರೂಪ. ಸೊಟ್ಟಗಿದ್ದ ಪಾದವು ಇನ್ನೊಂದಕ್ಕಿಂತ ಸ್ವಲ್ಪ ಚಿಕ್ಕದಾಗಿ, ಮೀನಖಂಡವು ಸ್ವಲ್ಪ ತೆಳ್ಳಗಾಗಿ ಉಳಿಯಬಹುದು. ಅಷ್ಟೇ ಅದರ ಗುರುತು. ಆ ಮಗು ಬರಿಗಾಲಿನಲ್ಲಿ ಗದ್ದೆಯ ಬದುವಿನ ಮೇಲೆ ಓಡುತ್ತದೆ, ಕಬಡ್ಡಿಯ ಅಂಕಣಕ್ಕಿಳಿಯುತ್ತದೆ, ಪುಸ್ತಕದ ಚೀಲ ಹೊತ್ತು ಶಾಲೆಯ ಮೆಟ್ಟಿಲೇರುತ್ತದೆ. ಅದರ ನಡಿಗೆಯನ್ನು ಯಾರೂ ತಿರುಗಿ ನೋಡುವುದಿಲ್ಲ. ಹಾಗೆ ಯಾರೂ ತಿರುಗಿ ನೋಡದಿರುವುದೇ ಈ ಚಿಕಿತ್ಸೆಗೆ ಸಿಕ್ಕ ಅತ್ಯುತ್ತಮ ಪ್ರಶಸ್ತಿ.